ಗಾಲಿಗೆಷ್ಟು ಗಾಳಿ

ಪೆಟ್ರೋಲ್ ಬಂಕಿನ ಒಂದು ಮೂಲೆಯಲ್ಲಿ ಗಾಳಿ ಹಿಡಿಸುವ ಜಾಗ ಇರುತ್ತದೆಯಲ್ಲ, ಅಲ್ಲಿ ನಡೆಯುವ ಮಾತುಕತೆ ಬಲು ಚಿಕ್ಕದು. ಕಾರು ನಿಂತ ಕೂಡಲೇ ಹುಡುಗ ಪೈಪು ಎಳೆದುಕೊಂಡು ಬಂದು ಬಗ್ಗುತ್ತಾನೆ. “ಎಷ್ಟು ಸಾರ್, ಮೂವತ್ತೆರಡಾ?” ಎನ್ನುತ್ತಾನೆ. ನಾವು ಮೊಬೈಲಿನಿಂದ ತಲೆ ಎತ್ತದೆ “ಹ್ಞೂಂ, ಹಾಕಪ್ಪ” ಎನ್ನುತ್ತೇವೆ. ಯಂತ್ರ ನಾಲ್ಕು ಸಲ ಕೀಂಗುಟ್ಟುತ್ತದೆ, ಹುಡುಗ ನಾಲ್ಕು ಸಲ ಎದ್ದು ಕೂರುತ್ತಾನೆ, ಕಾರು ಹೊರಡುತ್ತದೆ. ಈಗಿನ ಕಾರುಗಳಿಗೆ ಇದರಿಂದ ದೊಡ್ಡ ಬಾಧಕವೇನೂ ಇಲ್ಲ. ಬಹುಪಾಲು ಸಣ್ಣ ಕಾರುಗಳ ಅಳತೆ ಆ ಸಂಖ್ಯೆಯ ಆಸುಪಾಸಿನಲ್ಲೇ ಇರುತ್ತದೆ.

ಅದೇ ಸಾಲಿನಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಹಳೇ ಪುಟ್ಟ ಕಾರು ಬಂದು ನಿಲ್ಲುವುದುಂಟು. ಮುಂಬಯಿಯ ಕುರ್ಲಾದಲ್ಲಿ ಹುಟ್ಟಿದ ಪದ್ಮಿನಿ ಇರಬಹುದು, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇರಬಹುದು. ಅಪರೂಪಕ್ಕೆ ಒಂದು ಮಾರಿಸ್ ಮೈನರ್. ಇದನ್ನು ಕಲ್ಕತ್ತದ ಹತ್ತಿರದ ಉತ್ತರಪಾರದಲ್ಲಿ ‘ಬೇಬಿ ಹಿಂದೂಸ್ಥಾನ್’ ಎಂಬ ಮುದ್ದಾದ ಹೆಸರಿಟ್ಟು ತಯಾರಿಸುತ್ತಿದ್ದರು. 1983ರಲ್ಲಿ ಬಂದ ಮಾರುತಿ 800 ಕೂಡ ಈಗ ಈ ಹಿರಿಯರ ಸಾಲಿಗೆ ಸೇರಿಕೊಳ್ಳುತ್ತಿದೆ, ನಮ್ಮ ವಯಸ್ಸನ್ನೂ ನೆನಪಿಸುತ್ತಿದೆ. ಇಂಥ ಕಾರಿನ ಯಜಮಾನರು ಬಣ್ಣಕ್ಕೆ, ಕ್ರೋಮಿಗೆ, ಸೀಟಿನ ಹೊಲಿಗೆಗೆ ಲಕ್ಷಗಟ್ಟಲೆ ಖರ್ಚು ಮಾಡಿರುತ್ತಾರೆ. ಹಾರ್ನಿನ ಗುಂಡಿ ಸಿಗಲಿಲ್ಲವೆಂದು ಊರೂರು ಅಲೆದಿರುತ್ತಾರೆ. ಆದರೆ ಹುಡುಗ ಬಗ್ಗಿ “ಎಷ್ಟು ಸಾರ್?” ಎಂದಾಗ ಅವರೂ ಅದೇ ಮೂವತ್ತೆರಡಕ್ಕೆ ತಲೆಯಾಡಿಸಿಬಿಡುತ್ತಾರೆ. ಬಿಟ್ಟಿ ಸಿಗುವ ಗಾಳಿಯ ಬಗ್ಗೆ ಅಷ್ಟೊಂದು ಯಾರು ಯೋಚಿಸುತ್ತಾರೆ?

ಯೋಚಿಸಬೇಕು. ಏಕೆಂದರೆ ಕಾರನ್ನು ಹೊತ್ತಿರುವುದು ರಬ್ಬರಲ್ಲ, ಗಾಳಿ. ಹಳೇ ಡ್ರೈವರುಗಳು ಗಾಳಿಯನ್ನು ‘ಪೌಂಡ್’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಅಂಗುಲದ ಮೇಲೆ ಇಷ್ಟು ಪೌಂಡ್ ಒತ್ತಡ ಎಂದು ಅದರ ಅರ್ಥ. 28 ಪೌಂಡ್ ಎಂದರೆ ಹೆಚ್ಚುಕಡಿಮೆ ಚದರ ಸೆಂಟಿಮೀಟರಿಗೆ 2 ಕಿಲೋ. ಇಬ್ಬರು ಕುಳಿತ ಪುಟ್ಟ ಕಾರೊಂದು 800 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಗಾಲಿಯೊಂದರ ಪಾಲಿಗೆ 200 ಕಿಲೋ ಬಂತು. ಅದನ್ನು ಎರಡರಿಂದ ಭಾಗಿಸಿದರೆ 100 ಚದರ ಸೆಂಟಿಮೀಟರ್. ಟೈರಿನ ಪಕ್ಕೆಯ ಗಡಸುತನವನ್ನು ಬಿಟ್ಟು ಮಾಡಿದ ಸ್ಥೂಲ ಲೆಕ್ಕ ಇದು, ಆದರೂ ವಿಷಯ ತಿಳಿಯಲು ಸಾಕು. ಒಂದು ಗಾಲಿ ನೆಲವನ್ನು ಮುಟ್ಟುವುದು ಬರೀ ಅಂಗೈಯಗಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮಳೆಯಲ್ಲಿ ಘಾಟಿ ಇಳಿಯುವಾಗ ನಮ್ಮನ್ನು ರಸ್ತೆಗೆ ಹಿಡಿದಿಟ್ಟಿರುವುದು ಇಂಥ ನಾಲ್ಕು ಅಂಗೈಗಳು. ಗಾಳಿ ಹೆಚ್ಚಾದರೆ ಅಂಗೈ ಕಿರಿದಾಗುತ್ತದೆ. ಕಡಿಮೆಯಾದರೆ ಅಗಲವಾಗುತ್ತದೆ ನಿಜ, ಆದರೆ ಆಗ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚಿ, ಬಿಸಿಯಾಗಿ, ಒಳಗಿನ ನೂಲು ಸಡಿಲವಾಗುತ್ತದೆ. ಹಳೇ ಕಾರುಗಳಲ್ಲಿ ಒಳಗೆ ಟ್ಯೂಬ್ ಬೇರೆ ಇರುತ್ತದೆ. ಗಾಳಿ ಇಳಿದ ಟೈರಿನಲ್ಲಿ ಅದು ಉಜ್ಜಿ ಉಜ್ಜಿ ಸವೆದು ಹೇಳದೆ ಕೇಳದೆ ಹೋಗಿಬಿಡುತ್ತದೆ.

ಹಾಗಾದರೆ ಎಷ್ಟು ಹಾಕಬೇಕು? ಒಂದೇ ಸಂಖ್ಯೆಯಲ್ಲಿ ಉತ್ತರ ಸಿಗುವುದಿಲ್ಲ. ಎರಡು ಪ್ರಸಿದ್ಧ ಪುಟ್ಟ ಕಾರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ.

ಒಂದು, ಇಂಗ್ಲೆಂಡಿನ ಮಿನಿ. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರ್ 1959ರಲ್ಲಿ ರಸ್ತೆಗಿಳಿಸಿದ ಕಾರು. ಮೂರು ಮೀಟರಿಗೆ ತುಸು ಹೆಚ್ಚು ಉದ್ದ, ಅಷ್ಟರಲ್ಲೇ ನಾಲ್ವರು ಕೂರಬೇಕು. ಜಾಗ ಉಳಿಸಲು ಎಂಜಿನ್ನನ್ನು ಅಡ್ಡಡ್ಡ ಮಲಗಿಸಿ ಬಾನೆಟ್ಟಿನೊಳಗೆ ತುರುಕಿದರು. ಚಕ್ರವೂ ಜಾಗ ತಿನ್ನಬಾರದೆಂದು 10 ಅಂಗುಲಕ್ಕೆ ಇಳಿಸಿದರು. ಅದಕ್ಕೆಂದೇ ಡನ್‌ಲಪ್ ಕಂಪನಿ ಹೊಸ ಟೈರು ಮಾಡಿಕೊಟ್ಟಿತು. ಎಂಜಿನ್, ಗೇರ್‌ಬಾಕ್ಸ್, ಎಳೆಯುವ ಕೆಲಸ, ತಿರುಗಿಸುವ ಕೆಲಸ ಎಲ್ಲವೂ ಮುಂದಿನ ಎರಡು ಗಾಲಿಗಳ ತಲೆಗೇ ಬಿತ್ತು. ಹಾಗಾಗಿ ಮೊದಮೊದಲ ಮಿನಿಗಳ ಅಳತೆ ಮುಂದೆ 24 ಪೌಂಡ್, ಹಿಂದೆ 22.

ಇನ್ನೊಂದು, ಜರ್ಮನಿಯ ಬೀಟಲ್. ಇದರ ಎಂಜಿನ್ ಇರುವುದು ನಮ್ಮ ಡಿಕ್ಕಿಯ ಜಾಗದಲ್ಲಿ, ಹಿಂದಿನ ಗಾಲಿಗಳಿಗಿಂತಲೂ ಹಿಂದೆ. ಮುಂದಿನ ಮುಚ್ಚಳ ಎತ್ತಿದರೆ ಪೆಟ್ರೋಲ್ ಟ್ಯಾಂಕು, ಸ್ಟೆಪ್ನಿ, ಒಂದೆರಡು ಚೀಲ ಇಡುವಷ್ಟು ಖಾಲಿ ಜಾಗ. 1960ರ ದಶಕದ ಬೀಟಲ್‌ನಲ್ಲಿ ಇಬ್ಬರು ಕುಳಿತಾಗ ಹೇಳಿದ ಅಳತೆ ಮುಂದೆ 16, ಹಿಂದೆ 24. ಹದಿನಾರು! ನಮ್ಮ ಬಂಕಿನಲ್ಲಿ ಈ ಸಂಖ್ಯೆ ಹೇಳಿದರೆ ಹುಡುಗ ಇನ್ನೊಮ್ಮೆ ಕೇಳುತ್ತಾನೆ, ಆಮೇಲೆ ನಮ್ಮ ಮುಖ ನೋಡುತ್ತಾನೆ. ಮೂವತ್ತೆರಡು ಅದರ ಸರಿಯಾಗಿ ಎರಡರಷ್ಟು. ಅಷ್ಟು ಹಾಕಿಸಿದರೆ ಮೊದಲೇ ಹಗುರಾದ ಮೂತಿ ರಸ್ತೆಯ ಮೇಲೆ ಪುಟಿಯುತ್ತದೆ, ಸ್ಟೇರಿಂಗ್ ತೇಲಿದಂತಾಗುತ್ತದೆ.

ಬರೀ ತೂಕದ ಲೆಕ್ಕಕ್ಕಷ್ಟೇ ಈ ವ್ಯತ್ಯಾಸ ಇಟ್ಟದ್ದಲ್ಲ. ತಿರುವಿನಲ್ಲಿ ಪ್ರತಿಯೊಂದು ಟೈರೂ ನಾವು ತಿರುಗಿಸಿದ ದಿಕ್ಕಿಗಿಂತ ತುಸು ಹೊರಕ್ಕೆ ಜಾರುತ್ತಲೇ ಇರುತ್ತದೆ. ಗಾಳಿ ಕಡಿಮೆ ಇದ್ದ ಟೈರು ಹೆಚ್ಚು ಜಾರುತ್ತದೆ. ಹಿಂಭಾಗ ಭಾರವಾದ ಕಾರಿನಲ್ಲಿ ಹಿಂದಿನ ಗಾಲಿಗಳು ಮೊದಲು ಜಾರಿದರೆ ಬಾಲವೇ ಮುಂದೆ ಬರಲು ಹವಣಿಸುತ್ತದೆ. ಇದನ್ನು ಎಲ್ಲರೂ ಸಂಭಾಳಿಸಲಾರರು. ಮುಂದಿನ ಗಾಲಿಗಳೇ ಮೊದಲು ಜಾರಿದರೆ ಕಾರು ನೇರಕ್ಕೆ ಹೋಗುತ್ತಿದೆ ಎಂದು ಕೈಗೆ ತಿಳಿಯುತ್ತದೆ, ಗಾಬರಿಯಾದ ಸಾಮಾನ್ಯ ಮನುಷ್ಯ ವೇಗ ಇಳಿಸಿದರೂ ಬಹುಮಟ್ಟಿಗೆ ಸರಿಹೋಗುತ್ತದೆ. ಮುಂದಿನ ಗಾಲಿಗೆ ಬೇಕೆಂದೇ ಕಡಿಮೆ ಗಾಳಿ ಕೊಟ್ಟು, ಮೊದಲು ಜಾರುವ ಸರದಿಯನ್ನು ಅದಕ್ಕೇ ವಹಿಸಿದ್ದರು.

ಈ ಜಾಣತನ ಒಂದು ಕಡೆ ದೊಡ್ಡ ರಂಪಕ್ಕೆ ಕಾರಣವಾಯಿತು. ಅಮೆರಿಕದ ಷೆವ್ರೊಲೆ 1960ರ ಮಾದರಿಯಾಗಿ ಕೊರ್ವೇರ್ ಎಂಬ ಕಾರನ್ನು ತಂದಿತು. ಅಲ್ಲಿನವರ ಕಣ್ಣಿಗೆ ಅದು ಪುಟ್ಟ ಕಾರು. ಎಂಜಿನ್ ಹಿಂದೆ. ತಂಪಾಗಿದ್ದಾಗ ಮುಂದಿನ ಟೈರಿಗೆ 15 ಪೌಂಡ್, ಹಿಂದಿನದಕ್ಕೆ 26 ಎಂದು ಕಂಪನಿ ಹೇಳಿತ್ತು. ಕಾರು ನೆಟ್ಟಗೆ ನಡೆಯುವುದು ಈ 11 ಪೌಂಡಿನ ವ್ಯತ್ಯಾಸವನ್ನು ಬಲವಾಗಿ ನಂಬಿಕೊಂಡಿತ್ತು. ಆದರೆ ಅಲ್ಲಿಯೂ ಬಂಕಿನ ಹುಡುಗರು ಇದ್ದರಲ್ಲ, ಅಲ್ಲಿಯೂ ತಲೆಯಾಡಿಸುವ ಯಜಮಾನರು ಇದ್ದರು. ಬೇರೆ ಎಲ್ಲ ಕಾರಿಗೂ ಹಾಕುವಷ್ಟನ್ನೇ ಇದಕ್ಕೂ ನಾಲ್ಕು ಕಡೆ ಹಾಕಿದರೆ ವ್ಯತ್ಯಾಸ ಮಾಯ. 1965ರಲ್ಲಿ ರಾಲ್ಫ್ ನೇಡರ್ ಎಂಬ ವಕೀಲ ‘ಅನ್‌ಸೇಫ್ ಎಟ್ ಎನಿ ಸ್ಪೀಡ್’ ಪುಸ್ತಕ ಬರೆದು ಅದರ ಮೊದಲ ಅಧ್ಯಾಯವನ್ನೇ ಈ ಕಾರಿಗೆ ಮೀಸಲಿಟ್ಟರು. ಮರುವರ್ಷವೇ ಅಮೆರಿಕದಲ್ಲಿ ವಾಹನ ಸುರಕ್ಷತೆಗೆ ಕೇಂದ್ರ ಕಾನೂನು ಬಂತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: 1972ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೇ ಪರೀಕ್ಷಿಸಿ, ಆ ಕಾಲದ ಬೇರೆ ಕಾರುಗಳಿಗಿಂತ ಇದು ಹೆಚ್ಚು ಅಂಕೆ ತಪ್ಪುವಂಥದ್ದೇನಲ್ಲ ಎಂದಿತು. ಅಷ್ಟರಲ್ಲಿ ಕಾರಿನ ತಯಾರಿಕೆ ನಿಂತು ಕೆಲವು ವರ್ಷಗಳಾಗಿದ್ದವು.

ಯಾರ ತಪ್ಪು ಎಷ್ಟು ಎಂಬುದನ್ನು ಬಲ್ಲವರು ಇನ್ನೂ ಚರ್ಚಿಸುತ್ತಾರೆ. ನನಗೆ ಮುಖ್ಯವೆನಿಸುವುದು ಬೇರೆ. ಅಷ್ಟು ಅಗತ್ಯವಾದ ಒಂದು ಮಾತನ್ನು ಕಾರಿನ ಜೊತೆ ಬರುವ ಪುಸ್ತಿಕೆಯಲ್ಲಿ ಹಾಕಿ, ಅದನ್ನು ಯಾರೋ ಓದುತ್ತಾರೆ, ನೆನಪಿಡುತ್ತಾರೆ, ಬಂಕಿನ ಗದ್ದಲದಲ್ಲಿ ಹೇಳುತ್ತಾರೆ ಎಂದು ನಂಬಿ ಕೂರುವುದು ಜವಾಬ್ದಾರಿಯ ಲಕ್ಷಣವಲ್ಲ. ನಮ್ಮ ಲಾರಿ, ಬಸ್ಸಿನವರು ಈ ವಿಷಯದಲ್ಲಿ ವಾಸಿ. ಎಷ್ಟೋ ಗಾಡಿಗಳಲ್ಲಿ ಗಾಲಿಯ ನೆತ್ತಿಯ ಮೇಲೇ, ಮಡ್‌ಗಾರ್ಡಿನ ಹತ್ತಿರ, ಎಷ್ಟು ಗಾಳಿ ಎಂದು ದಪ್ಪಕ್ಷರದಲ್ಲಿ ಪೇಂಟಿನಲ್ಲಿ ಬರೆಸಿರುತ್ತಾರೆ. ಪೈಪು ಹಿಡಿದು ಬಗ್ಗುವವನ ಕಣ್ಣಿಗೆ ನೇರ ಬೀಳುವ ಜಾಗ ಅದು.

ಎಲ್ಲ ಗಾಲಿಗೂ ಒಂದೇ ಗಾಳಿ ಎಂಬುದು ನೋಡಲು ಸಮಾನತೆಯಂತೆ ಕಾಣುತ್ತದೆ. ಮದುವೆಮನೆಯ ಪಂಕ್ತಿಯನ್ನು ನೆನೆಯಿರಿ. ಒಂದು ಎಲೆಗೆ ಪಾಯಸ, ಪಕ್ಕದ ಎಲೆಗೆ ಬರೀ ಸಾರು ಎಂದರೆ ಅದು ಪಂಕ್ತಿಭೇದ, ಮಹಾಪಾಪ. ಆದರೆ ಎಂಟು ವರ್ಷದ ಹುಡುಗಿಯ ಎಲೆಗೂ ಗದ್ದೆ ಕೆಲಸ ಮುಗಿಸಿ ಬಂದ ಮಾವನ ಎಲೆಗೂ ಒಂದೇ ಅಳತೆಯ ಅನ್ನ ಸುರಿದು ಹೋಗುವವರನ್ನು ಒಳ್ಳೆಯ ಬಡಿಸುವವರು ಎನ್ನುವುದಿಲ್ಲ. ಪದಾರ್ಥ ಎಲ್ಲರಿಗೂ ಒಂದೇ, ಪ್ರಮಾಣ ಎಲೆ ನೋಡಿ. ಕೈಯಲ್ಲಿ ಪಾತ್ರೆ ಹಿಡಿದು ಅರೆಕ್ಷಣ ನಿಂತು “ಸಾಕಾ, ಇನ್ನೊಂದು ಸ್ವಲ್ಪ ಹಾಕ್ಲಾ?” ಎಂದು ಕೇಳುವವರ ಪಂಕ್ತಿಯಲ್ಲಿ ಎಲೆಯ ಮೇಲೆ ಅನ್ನವೂ ಉಳಿಯುವುದಿಲ್ಲ, ಯಾರೂ ಅರೆಹೊಟ್ಟೆಯಲ್ಲಿ ಏಳುವುದೂ ಇಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ಕಾವ್ಯಕ್ಕೆ ಔಚಿತ್ಯವೇ ಜೀವ ಎಂದು ವಾದಿಸಿದ. ಮನೆವಾರ್ತೆಗೂ ಅದು ಕಡಿಮೆ ಬೇಕಾದದ್ದಲ್ಲ. ಯಾರ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ನೋಡದೆ ನಾಲ್ಕು ಮಕ್ಕಳಿಗೂ ಒಂದೇ ಬುದ್ಧಿಮಾತು, ಮನೆಯ ಎಲ್ಲರಿಂದಲೂ ಒಂದೇ ನಿರೀಕ್ಷೆ ಇಟ್ಟುಕೊಂಡು, ನಾನಂತೂ ಭೇದ ಮಾಡಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು ನಮ್ಮಲ್ಲಿ ಅನೇಕರ ಅಭ್ಯಾಸ.

ಸರಿ, ಕಾರಿಗೆ ಬರೋಣ. ಹಳೇ ಕಾರಿನ ಪುಸ್ತಿಕೆ ಸಿಕ್ಕಿತು, ಅದರಲ್ಲಿ ಸಂಖ್ಯೆಯೂ ಸಿಕ್ಕಿತು ಎನ್ನೋಣ. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಆ ಸಂಖ್ಯೆ ಬರೆದ ಕಾಲದಲ್ಲಿ ಇದ್ದದ್ದು ನಮ್ಮವರು ‘ನೈಲಾನ್ ಟೈರ್’ ಎನ್ನುತ್ತಿದ್ದ ಜಾತಿಯದು, ಒಳಗಿನ ನೂಲಿನ ಪದರಗಳು ಒಂದಕ್ಕೊಂದು ಓರೆಯಾಗಿ ಹಾಯ್ದದ್ದು. ರಾತ್ರಿಯೆಲ್ಲ ನಿಂತ ಅಂಬಾಸಿಡರ್ ಬೆಳಗ್ಗೆ ಮೊದಲ ಒಂದೆರಡು ಮೈಲಿ ದಡ್ ದಡ್ ಎನ್ನುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಟೈರಿನ ತಳ ರಾತ್ರಿ ಚಪ್ಪಟೆಯಾಗಿ, ಬಿಸಿಯೇರಿದ ಮೇಲೆ ಮತ್ತೆ ದುಂಡಗಾಗುತ್ತಿತ್ತು. ಫ್ರಾನ್ಸಿನ ಮಿಷೆಲಿನ್ ಕಂಪನಿ 1940ರ ದಶಕದ ಕೊನೆಯಲ್ಲಿ ತಂದ ರೇಡಿಯಲ್ ಟೈರಿನಲ್ಲಿ ನೂಲು ಅಂಚಿನಿಂದ ಅಂಚಿಗೆ ನೇರವಾಗಿ ಹಾಯುತ್ತದೆ, ಮೇಲೆ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ. ಪಕ್ಕೆ ಮೆದು, ತಲೆ ಗಟ್ಟಿ. ಇಂದು ಹಳೇ ಕಾರಿಗೂ ಹೆಚ್ಚಿನವರು ಹಾಕಿಸುವುದು ಇದನ್ನೇ.

ರೇಡಿಯಲ್ಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಪೌಂಡ್ ಹೆಚ್ಚು ಬೇಕಾಗುತ್ತದೆ. ಮಿನಿಯದ್ದೇ ನೋಡಿ: ಹಳೇ ಟೈರಿನಲ್ಲಿ 24 ಮತ್ತು 22 ಇದ್ದದ್ದು ರೇಡಿಯಲ್ ಬಂದ ಮೇಲೆ 28 ಮತ್ತು 26 ಆಯಿತು. ಎರಡೂ ಕಡೆ ನಾಲ್ಕು ನಾಲ್ಕು ಏರಿತು, ಮುಂದಿನದಕ್ಕೂ ಹಿಂದಿನದಕ್ಕೂ ಇದ್ದ ಎರಡು ಪೌಂಡಿನ ಅಂತರ ಹಾಗೆಯೇ ಉಳಿಯಿತು. ಪುಸ್ತಿಕೆಯಿಂದ ನಾವು ಎತ್ತಿಕೊಳ್ಳಬೇಕಾದದ್ದು ಮುಖ್ಯವಾಗಿ ಈ ಅಂತರವನ್ನು. ಇನ್ನೊಂದು ಎಚ್ಚರ: ಎರಡು ಜಾತಿಯನ್ನು ಬೆರೆಸಬಾರದು. ಅದರಲ್ಲೂ ಮುಂದೆ ರೇಡಿಯಲ್, ಹಿಂದೆ ನೈಲಾನ್ ಹಾಕುವುದು ಅಪಾಯ. ಬ್ರಿಟನ್ನಿನಲ್ಲಿ ಅದು ಕಾನೂನಿಗೇ ವಿರುದ್ಧ.

ರೇಡಿಯಲ್ ಟೈರಿನ ಕೆಳಹೊಟ್ಟೆ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ. ಅದು ಅದರ ಸ್ವಭಾವ. ದಾರಿಯಲ್ಲಿ ಹೋಗುವವರೆಲ್ಲ “ಗಾಳಿ ಕಮ್ಮಿ ಇದೆ ಸಾರ್” ಎಂದು ಕಳಕಳಿಯಿಂದ ಹೇಳುತ್ತಾರೆ. ಅವರಿಗೆ ಥ್ಯಾಂಕ್ಸ್ ಹೇಳಿ, ಗೇಜಿನ ಮಾತು ಕೇಳುವುದು ಒಳ್ಳೆಯದು. ಒದ್ದು ನೋಡುವುದು, ಹೆಬ್ಬೆರಳಲ್ಲಿ ಒತ್ತಿ ನೋಡುವುದು ಇವೆಲ್ಲ ಸೈಕಲ್ಲಿನ ಕಾಲಕ್ಕೇ ಮುಗಿದವು. ಹಾಗೆಯೇ ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿದ ಒಂದು ದೊಡ್ಡ ಸಂಖ್ಯೆ ಇರುತ್ತದೆ, 44 ಅಥವಾ 51 ಎಂದೇನೋ. ಅಷ್ಟು ತುಂಬಿಸಿ ಎಂದು ಅದರ ಅರ್ಥವಲ್ಲ, ಅದಕ್ಕಿಂತ ಮೇಲೆ ಹೋಗಬೇಡಿ ಎಂದು. ಟೈರು ತಯಾರಿಸಿದವನಿಗೆ ಅದು ಯಾವ ಕಾರಿಗೆ ಹೋಗುತ್ತದೆಂದು ಗೊತ್ತಿರುವುದಿಲ್ಲ. ಕಾರಿನ ಅಳತೆಯನ್ನು ಕಾರೇ ಹೇಳಬೇಕು.

ಕಾರಿನ ಬಾಯಿಂದ ಅದನ್ನು ಹೇಳಿಸಲು ಒಂದು ತುಂಡು ಸೀಮೆಸುಣ್ಣ ಸಾಕು. ಅಂಗಳದಲ್ಲಿ ಕಾರು ನಿಲ್ಲಿಸಿ, ಟೈರು ನೆಲ ಮುಟ್ಟುವ ಭಾಗಕ್ಕೆ ಅಡ್ಡಲಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ದಪ್ಪ ಗೆರೆ ಎಳೆಯಿರಿ. ನೇರವಾದ ಒಣ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ಇಳಿದು ನೋಡಿ. ಎರಡು ಅಂಚಿನಲ್ಲಿ ಮಾತ್ರ ಸುಣ್ಣ ಅಳಿಸಿ ನಡುವೆ ಉಳಿದಿದ್ದರೆ ಗಾಳಿ ಕಡಿಮೆ. ನಡುವೆ ಅಳಿಸಿ ಅಂಚಿನಲ್ಲಿ ಉಳಿದಿದ್ದರೆ ಹೆಚ್ಚು. ಗೆರೆ ಪೂರ್ತಿ ಸಮನಾಗಿ ಮಾಸಿದ್ದರೆ ಆ ಕಾರಿಗೆ, ಆ ಟೈರಿಗೆ, ಆ ಹೊತ್ತಿನ ಭಾರಕ್ಕೆ ಅದೇ ಸರಿಯಾದ ಗಾಳಿ. ಒಂದು ಸಲಕ್ಕೆ ಎರಡು ಪೌಂಡಿನಂತೆ ಹೆಚ್ಚು ಕಡಿಮೆ ಮಾಡಿ ನೋಡಬೇಕು. ಮಕ್ಕಳನ್ನು ಜೊತೆಗೆ ಕರೆದುಕೊಂಡರೆ ಸೀಮೆಸುಣ್ಣದ ಕೆಲಸ ಅವರೇ ಮಾಡುತ್ತಾರೆ, ಭೌತಶಾಸ್ತ್ರದ ಒಂದು ಪಾಠ ಪುಕ್ಕಟೆ. ಅನುಭವಸ್ಥರದು ಇನ್ನೊಂದು ಸ್ಥೂಲ ಲೆಕ್ಕವಿದೆ: ತಂಪಾಗಿದ್ದಾಗ ಅಳೆದು, ಅರ್ಧ ಮುಕ್ಕಾಲು ಗಂಟೆ ಹೆದ್ದಾರಿಯಲ್ಲಿ ಓಡಿಸಿ ಮತ್ತೆ ಅಳೆದಾಗ ನಾಲ್ಕು ಪೌಂಡಿನಷ್ಟು ಏರಿದ್ದರೆ ಸರಿ. ಅದಕ್ಕಿಂತ ಬಹಳ ಹೆಚ್ಚು ಏರಿದ್ದರೆ ಟೈರು ಮಡಿಚಿ ಮಡಿಚಿ ಬಿಸಿಯಾಗಿದೆ, ಅಂದರೆ ಹೊರಡುವಾಗಲೇ ಗಾಳಿ ಕಡಿಮೆ ಇತ್ತು.

ಇಲ್ಲಿ ಅನೇಕರು ಎಡವುತ್ತಾರೆ. ಬಿಸಿಯಾದ ಟೈರಿನಲ್ಲಿ ಗೇಜು ಹೆಚ್ಚು ತೋರಿಸಿತೆಂದು ಸ್ಸ್ ಎಂದು ಗಾಳಿ ಬಿಡುತ್ತಾರೆ. ಟೈರು ಆರಿದ ಮೇಲೆ ಅದು ಇನ್ನೂ ಕೆಳಗಿಳಿದಿರುತ್ತದೆ, ಮರುದಿನ ಇನ್ನಷ್ಟು ಬಿಸಿಯಾಗುತ್ತದೆ. ಪುಸ್ತಿಕೆಯ ಸಂಖ್ಯೆಗಳೆಲ್ಲ ತಂಪು ಟೈರಿಗೆ ಹೇಳಿದವು. ಬೆಳಗ್ಗೆ ಕಾರು ತೆಗೆಯುವ ಮೊದಲೇ ಅಳೆಯುವುದು ಉತ್ತಮ. ಬಂಕಿಗೇ ಹೋಗಬೇಕಾದರೆ ಮನೆಯಿಂದ ಎರಡು ಮೂರು ಕಿಲೋಮೀಟರಿನೊಳಗಿನದಕ್ಕೆ ಹೋಗಬೇಕು. ಹವೆಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಸಣ್ಣ ಕಾರಿನ ಟೈರಿನಲ್ಲಿ ಹತ್ತು ಡಿಗ್ರಿಗೆ ಸುಮಾರು ಒಂದೂವರೆ ಪೌಂಡ್ ಏರುಪೇರಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಸರಿಯಾಗಿ ತುಂಬಿಸಿದ್ದು ಡಿಸೆಂಬರಿನ ಬೆಂಗಳೂರಿನ ಮುಂಜಾವಿಗೆ ಮೂರು ಪೌಂಡ್ ಕಡಿಮೆ. ಇದರ ಮೇಲೆ, ಟೈರು ಸುಮ್ಮನೆ ನಿಂತರೂ ತಿಂಗಳಿಗೆ ಪೌಂಡಿನಷ್ಟು ಗಾಳಿ ತಾನಾಗಿ ಸೋರಿಹೋಗುತ್ತದೆ.

ಘಾಟಿಯ ವಿಷಯ ಮಾತ್ರ ಬಲು ಸೊಗಸು. ಮಂಗಳೂರಿನಿಂದ ಸಂಪಾಜೆ ಹತ್ತಿ ಮಡಿಕೇರಿಗೆ ಹೋದರೆ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲೆ ಏರಿದಂತಾಯಿತು. ಅಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ಗೇಜಿನಲ್ಲಿ ಟೈರಿನ ಒತ್ತಡ ಒಂದೂವರೆಯಿಂದ ಎರಡು ಪೌಂಡ್ ಹೆಚ್ಚಾಗಿ ಕಾಣಬೇಕು. ಆದರೆ ಮಡಿಕೇರಿಯ ಚಳಿ ಆ ಹೆಚ್ಚಳದ ಬಹುಪಾಲನ್ನು ನುಂಗಿಬಿಡುತ್ತದೆ. ಕೊಡಗಿಗೆ ಹೋಗುವವರು ಗಾಳಿಯ ಬಗ್ಗೆ ತಲೆಕೆಡಿಸಿಕೊಳ್ಳದೆ ಕಿತ್ತಳೆ ಕೊಳ್ಳಬಹುದು.

ಇನ್ನು ನೈಟ್ರೋಜನ್ ಎಂದು ದುಡ್ಡು ಕೊಟ್ಟು ಹಾಕಿಸುವುದು. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದೇ ಇದೆ. ವಿಮಾನಕ್ಕೆ, ಓಟದ ಪಂದ್ಯದ ಕಾರಿಗೆ ಬೇಕು. ವಾರಕ್ಕೊಮ್ಮೆ ಬಸವನಗುಡಿಯಿಂದ ಜಯನಗರಕ್ಕೆ ಹೋಗಿಬರುವ ಪದ್ಮಿನಿಗೆ ಅದರಿಂದ ಆಗುವ ಲಾಭ ಬಹಳ ಕಡಿಮೆ.

ವಾರಕ್ಕೊಮ್ಮೆ ಎಂದೆ, ಹಳೇ ಕಾರುಗಳ ಕಷ್ಟ ಇರುವುದೇ ಅಲ್ಲಿ. ಅವು ಓಡುವುದಕ್ಕಿಂತ ನಿಲ್ಲುವುದು ಹೆಚ್ಚು. ಧರ್ಮಸ್ಥಳದ ಕಾರುಗಳ ಸಂಗ್ರಹಾಲಯವನ್ನು ಕಂಡವರಿಗೆ ಗೊತ್ತು, ಹಳೆಯ ವಾಹನವನ್ನು ಹೊಳಪು ಕೆಡದಂತೆ ಇಟ್ಟುಕೊಳ್ಳುವುದು ಎಷ್ಟು ಶ್ರಮದ ಕೆಲಸವೆಂದು. ಮನೆಯ ಷೆಡ್ಡಿನಲ್ಲಿ ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ನಿಂತ ಕಾರಿನ ಟೈರು ಅಡಿಯಲ್ಲಿ ಚಪ್ಪಟೆಯಾಗಿ, ಕೊನೆಗೆ ಹಾಗೆಯೇ ಉಳಿದುಬಿಡುತ್ತದೆ. ನಿಲ್ಲಿಸಿಯೇ ಇಡುವುದಾದರೆ ಕೆಲವು ಪೌಂಡ್ ಹೆಚ್ಚಿಗೆ ತುಂಬಿಸಿ, ಹದಿನೈದು ದಿನಕ್ಕೊಮ್ಮೆ ಕಾರನ್ನು ಒಂದಿಷ್ಟು ಮುಂದೆ ಹಿಂದೆ ತಳ್ಳಿದರೂ ಸಾಕು. ತಿರುಗಿ ರಸ್ತೆಗಿಳಿಸುವಾಗ ಹೆಚ್ಚುವರಿಯನ್ನು ಬಿಟ್ಟು ಓಡಿಸಬೇಕು.

ಗಾಳಿ ಎಷ್ಟೇ ಸರಿಯಿದ್ದರೂ ಟೈರಿಗೇ ಮುಪ್ಪು ಬಂದಿದ್ದರೆ ಪ್ರಯೋಜನವಿಲ್ಲ. ಕಡಿಮೆ ಓಡಿದ ಕಾರಿನಲ್ಲಿ ಗ್ರಿಪ್ ಹೊಸದರಂತೆಯೇ ಇರುತ್ತದೆ, ಪಕ್ಕೆಯಲ್ಲಿ ಮಾತ್ರ ಕೂದಲೆಳೆಯಂಥ ಬಿರುಕುಗಳು. ಟೈರಿನ ಪಕ್ಕೆಯ ಮೇಲೆ ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕರ ಬದಲು ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಗಾಳಿಯ ಲೆಕ್ಕ ಬಿಟ್ಟು ಮೊದಲು ಟೈರು ಬದಲಿಸಿ. ಮೈಸೂರಿನ ಮೇಟಗಳ್ಳಿಯಲ್ಲಿ ವಿಕ್ರಾಂತ್ ಟೈರ್ಸ್ ಹೆಸರಿನಲ್ಲಿ ಬಂದ ಟೈರನ್ನು ಅಭಿಮಾನದಿಂದ ಇನ್ನೂ ಹಳೇ ಕಾರಿನಲ್ಲಿ ಉಳಿಸಿಕೊಂಡವರು ಯಾರಾದರೂ ಇದ್ದರೆ ಅದನ್ನು ಗೋಡೆಗೆ ಒರಗಿಸಿ ಇಟ್ಟುಕೊಳ್ಳಲಿ, ರಸ್ತೆಗೆ ತರುವುದು ಬೇಡ.

ಖರ್ಚು ಹೆಚ್ಚಿಲ್ಲ. ಕೆಲವು ನೂರು ರೂಪಾಯಿಗೆ ಒಳ್ಳೆಯ ಗೇಜು ಸಿಗುತ್ತದೆ. ಊರಿನ ಬಂಕುಗಳ ಮೀಟರುಗಳು ಒಂದಕ್ಕೊಂದು ತಾಳೆಯಾಗದಿದ್ದರೂ ನಿಮ್ಮದೇ ಗೇಜು ಇದ್ದರೆ ಅದು ಪ್ರತಿ ಸಲವೂ ಒಂದೇ ಮಾತು ಹೇಳುತ್ತದೆ. ಪುಸ್ತಿಕೆಯಿಂದಲೂ ಸೀಮೆಸುಣ್ಣದಿಂದಲೂ ಕಂಡುಕೊಂಡ ಸಂಖ್ಯೆಯನ್ನು ಒಂದು ದಪ್ಪ ಚೀಟಿಯ ಮೇಲೆ ಬರೆದು ಪೆಟ್ರೋಲ್ ಮುಚ್ಚಳದ ಒಳಬದಿಗೋ ಡ್ಯಾಶ್‌ಬೋರ್ಡಿನ ಖಾನೆಗೋ ಅಂಟಿಸಿ: ಮುಂದೆ ಇಷ್ಟು, ಹಿಂದೆ ಇಷ್ಟು, ನಾಲ್ವರು ಸಾಮಾನಿನ ಜೊತೆ ಊರಿಗೆ ಹೊರಟರೆ ಹಿಂದೆ ಇನ್ನಿಷ್ಟು. ನಾಳೆ ಮಗಳು ಓಡಿಸಿದರೂ ಮೆಕ್ಯಾನಿಕ್ ಓಡಿಸಿದರೂ ಯಾರಿಗೂ ಫೋನು ಮಾಡಿ ಕೇಳಬೇಕಾಗಿ ಬರಬಾರದು.

ಸ್ಟೆಪ್ನಿಯನ್ನು ಎಲ್ಲರೂ ಮರೆಯುತ್ತಾರೆ. ಬೀಟಲ್ ಇಟ್ಟುಕೊಂಡವರು ಮರೆಯಲಾರರು, ಏಕೆಂದರೆ 1960ರ ದಶಕದ ಕೊನೆಯಿಂದ ಬಂದ ಬೀಟಲ್‌ಗಳಲ್ಲಿ ಮುಂದಿನ ಗಾಜಿಗೆ ನೀರು ಚಿಮ್ಮಿಸುವುದೇ ಸ್ಟೆಪ್ನಿಯ ಗಾಳಿ. ಟೈರಿನಿಂದ ನೀರಿನ ಡಬ್ಬಿಗೆ ಒಂದು ಸಣ್ಣ ಕೊಳವೆ. ಗುಂಡಿ ಒತ್ತಿದಾಗ ಗಾಳಿ ನೀರನ್ನು ತಳ್ಳುತ್ತದೆ, ಒತ್ತಡ ಒಂದು ಮಟ್ಟಕ್ಕೆ ಇಳಿದ ಮೇಲೆ ಕವಾಟ ಮುಚ್ಚಿಕೊಂಡು ಟೈರಿಗೆ ಬೇಕಾದಷ್ಟನ್ನು ಉಳಿಸುತ್ತದೆ. ಅದಕ್ಕಾಗಿ ಆ ಸ್ಟೆಪ್ನಿಗೆ 42 ಪೌಂಡಿನಷ್ಟು ತುಂಬಿಸಿಡಬೇಕು. ಗಾಜು ತೊಳೆಯುವ ನೀರು ಬರದಿದ್ದರೆ ಸ್ಟೆಪ್ನಿಯಲ್ಲಿ ಹೆಚ್ಚುವರಿ ಗಾಳಿ ಮುಗಿದಿದೆ ಎಂದು ಯಜಮಾನನಿಗೆ ಆಗಲೇ ತಿಳಿಯುತ್ತದೆ. ನಮ್ಮ ಬೇರೆ ಕಾರುಗಳಲ್ಲಿ ಹಾಗೆ ಹೇಳುವವರಿಲ್ಲ. ಆದ್ದರಿಂದ ನಾಲ್ಕು ಗಾಲಿ ನೋಡಿದ ಮೇಲೆ ಡಿಕ್ಕಿ ತೆರೆದು ಐದನೆಯದನ್ನೂ ನೋಡಿ, ಉಳಿದವುಗಳಲ್ಲಿ ಅತಿ ಹೆಚ್ಚು ಯಾವುದಕ್ಕಿದೆಯೋ ಅದಕ್ಕಿಂತ ಒಂದೆರಡು ಪೌಂಡ್ ಮೇಲೆಯೇ ಇಡಿ. ಮುಂದಿನ ಗಾಲಿಗೆ ಹಾಕಬೇಕಾಗಿ ಬಂದರೆ ಹೆಚ್ಚಾದದ್ದನ್ನು ರಸ್ತೆ ಬದಿಯಲ್ಲೇ ನಿಂತು ಗೇಜು ಹಿಡಿದು ಬಿಡಬಹುದು. ವಾಲ್ವಿನ ಮೂತಿಗೆ ಕ್ಯಾಪ್ ಹಾಕಿದ್ದೀರಾ ಎಂದೂ ಒಮ್ಮೆ ನೋಡಿಕೊಳ್ಳಿ.